ವೈನಿನ ಗಸಿ ಬಣ್ಣದ ಕೋಟು

"ಇಲ್ಲಿ ನೋಡ್ಬೇಡ ಕಣೇ. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಬಟ್ಟೆನೂ ಸುಳ್ಳು ಹೇಳುತ್ತೆ. ಹೊರಗೆ ಬಾ," ಎಂದು ಮರೂಹಾ ತಂಗಿ ನೆಲಿದಾಳ ತೋಳು ಹಿಡಿದು ಅಂಗಡಿಯ ಬಾಗಿಲಿಗೆ ಎಳೆದಳು. ಬಟ್ಟೆಯ ಥಾನನ್ನು ಹೆಗಲ ಮೇಲೆ ಹೊತ್ತು ಅಂಗಡಿಯಾಕೆಯೂ ಹಿಂದೆಯೇ ಬಂದಳು. ಗಮಾರ್ರಾದ ಬಟ್ಟೆ ಅಂಗಡಿಗಳ ಬೀದಿಯಲ್ಲಿ ಗಿರಾಕಿಯ ಕೈಗೆ ಥಾನು ಒಪ್ಪಿಸಿ ತಾನು ಒಳಗೆ ಕೂತಿರುವಷ್ಟು ನಂಬಿಕೆ ಯಾರಿಗೂ ಇಲ್ಲ.

ಹೊರಗಿನ ಬೆಳಕೂ ಅಷ್ಟಕ್ಕಷ್ಟೇ. ಚಳಿಗಾಲದ ಲೀಮಾದ ಬೂದು ಆಕಾಶಕ್ಕೆ ಊರವರು ಕತ್ತೆಹೊಟ್ಟೆ ಅನ್ನುತ್ತಾರೆ. ಆವತ್ತು ಆ ಹೊಟ್ಟೆ ಮನೆಯ ಮಾಳಿಗೆಗೆ ತಾಗುವಷ್ಟು ಕೆಳಗಿಳಿದಿತ್ತು. ನೆಲಿದಾ ಪರ್ಸಿನಿಂದ ಎರಡು ಬೆರಳಗಲದ ಒಂದು ಬಟ್ಟೆಚೂರು ತೆಗೆದು ಥಾನಿನ ಮೇಲಿಟ್ಟಳು. ಚೂರು ಎಲ್ಲಿದೆ ಅಂತ ಹುಡುಕುವ ಹಾಗಾಯಿತು.

"ವೈನಿನ ಗಸಿ ಬಣ್ಣ. ನಿಮ್ಮ ಕಣ್ಣು ಚೆನ್ನಾಗಿದೆ ತಾಯಿ," ಅಂದಳು ಅಂಗಡಿಯಾಕೆ. "ಯಾವ ಆಫೀಸು?"

"ಪುರಸಭೆ," ನೆಲಿದಾ ಬಾಯಿ ತೆರೆಯುವ ಮೊದಲೇ ಮರೂಹಾ ಹೇಳಿಬಿಟ್ಟಳು.

"ಅಯ್ಯಯ್ಯೋ, ಖಾಯಂ ಕೆಲಸಾನಾ! ಪುಣ್ಯ ಮಾಡಿದ್ರಿ ಬಿಡಿ."

ಖಾಯಂ ಆಗಿದ್ದರೆ ನೆಲಿದಾ ಈ ಬೀದಿಗೆ ಬರಬೇಕಾಗಿಯೇ ಇರಲಿಲ್ಲ. ಖಾಯಂ ನೌಕರರ ಮೇಜಿನ ಹತ್ತಿರಕ್ಕೆ ದರ್ಜಿಯೇ ಟೇಪು ಹಿಡಿದು ಬರುತ್ತಾನೆ. ವರ್ಷಕ್ಕೊಂದು ಜೊತೆ ಕೋಟು, ಸ್ಕರ್ಟು, ಪ್ಯಾಂಟು. ಬಣ್ಣ ಯಾವುದು, ಕಾಲರು ಹೇಗೆ ಅಂತ ತೀರ್ಮಾನಿಸಲಿಕ್ಕೆ ಹೆಂಗಸರದ್ದೇ ಒಂದು ಸಮಿತಿ. ಅದರ ಜಗಳದ ಮುಂದೆ ಮೇಯರ್ ಚುನಾವಣೆ ಏನೂ ಅಲ್ಲ. ತೆಳ್ಳಗಿದ್ದವರಿಗೆ ಬಿಗಿ ಸ್ಕರ್ಟು ಬೇಕು, ದಪ್ಪಗಿದ್ದವರಿಗೆ ಉದ್ದ ಕೋಟು ಬೇಕು, ನಿವೃತ್ತಿಯ ಹೊಸ್ತಿಲಲ್ಲಿ ನಿಂತವರಿಗೆ ಚಳಿ ತಡೆದರೆ ಸಾಕು. ಹೋದ ವರ್ಷ ಯಾರ ಮಾತೂ ನಡೆಯದೆ ಎಲೆಕೋಸಿನ ಹಸಿರು ಗೆದ್ದುಬಿಟ್ಟಿತು, ಊರೆಲ್ಲಾ ಅವರನ್ನು ಗಿಳಿಗಳು ಅಂತ ಕರೆಯಿತು. ಈ ವರ್ಷ ಸಮಿತಿಯ ಮುಖ್ಯಸ್ಥೆ ಸೊರಾಯ್ದಾ ಮೇಜು ಗುದ್ದಿ ವೈನಿನ ಗಸಿ ಬಣ್ಣವನ್ನು ಗೆಲ್ಲಿಸಿದ್ದಳು. ನೆಲಿದಾಳಂಥ ಗುತ್ತಿಗೆಯವರಿಗೆ ಕೊರಳಲ್ಲಿ ನೇತುಹಾಕಿಕೊಳ್ಳುವ ಒಂದು ಗುರುತಿನ ಚೀಟಿ, ಅಷ್ಟೇ.

ಹಾಗಂತ ನೆಲಿದಾ ಹೇಗೆಂದರೆ ಹಾಗೆ ಬರುವವಳಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ, ಆದರೆ ಚಾಚಿದ ಕಾಲು ಚೆನ್ನಾಗಿ ಕಾಣುವ ಹಾಗೆ, ಒಂದೊಂದಾಗಿ ಬಟ್ಟೆ ಕೂಡಿಸಿದ್ದಳು. ಮೊದಲ ಸಂಬಳದಲ್ಲಿ ಕಪ್ಪು ಪ್ಯಾಂಟು. ಕಪ್ಪು ಬಣ್ಣ ಕಲೆ ತೋರಿಸುವುದಿಲ್ಲ, ನಿನ್ನೆಯೂ ಇದನ್ನೇ ಹಾಕಿದ್ದಳು ಅಂತ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಆಮೇಲೆ ಒಗೆಯಲಿಕ್ಕೊಂದು ತೊಡಲಿಕ್ಕೊಂದು ಅಂತ ಬಿಳಿ ಶರಟುಗಳು. ಮುಂದಿನ ವರ್ಷ ಮೊಣಕಾಲಿನ ಕೆಳಗೆ ಇಳಿಯುವ ಬೂದು ಸ್ಕರ್ಟು. ಕಡುನೀಲಿ ಕೋಟು ಸಿಕ್ಕಿದ್ದು ಹಳೆಬಟ್ಟೆಯ ಸಂತೆಯಲ್ಲಿ. "ಹೆಗಲು ಸರಿಯಾಗಿ ಕೂತ್ರೆ ತಗೊ, ಉಳಿದದ್ದನ್ನ ಸೂಜಿ ನೋಡ್ಕೊಳ್ಳುತ್ತೆ," ಅಂತ ಮರೂಹಾ ಹೇಳಿದ್ದಳು. ಚಿನ್ನದ ಬಣ್ಣದ ಗುಂಡಿ ಕಿತ್ತು ಕಪ್ಪು ಗುಂಡಿ ಹಾಕಿದ ಮೇಲೆ ಅದು ನೆಲಿದಾಳಿಗೆಂದೇ ಹೊಲಿದದ್ದು ಅನ್ನಿಸುತ್ತಿತ್ತು. ಬೂಟು ಮಾತ್ರ ಹೊಸದನ್ನೇ ಕೊಂಡಿದ್ದಳು, ಒಬ್ಬರು ಸವೆಸಿದ ಬೂಟು ಇನ್ನೊಬ್ಬರ ಕಾಲಿಗೆ ಒಗ್ಗುವುದಿಲ್ಲ. ಇಷ್ಟನ್ನೇ ಅದಲು ಬದಲು ಮಾಡಿ ವಾರ ತಳ್ಳುತ್ತಿದ್ದಳು. ಹಣಕಾಸು ವಿಭಾಗದ ಎದಿತ್ ಊಟದ ಹೊತ್ತಿಗೆ ಎಲ್ಲರೆದುರು, "ನೆಲಿದಾಳ ಕಪ್ಪು ಪ್ಯಾಂಟಿಗೂ ಪಿಂಚಣಿ ಕೊಡ್ಬೇಕು ಕಣ್ರೇ, ನಮಗಿಂತ ಜಾಸ್ತಿ ದುಡಿದಿದೆ," ಅಂದಾಗ ನೆಲಿದಾಳೂ ನಕ್ಕಿದ್ದಳು. ನೋವಾಗಲಿಲ್ಲ ಅಂದರೆ ಸುಳ್ಳು.

ಆದರೆ ಎದಿತಳ ನಾಲಗೆಯಿಂದ ಯಾರ ಕೆಲಸವೂ ಹೋಗುವುದಿಲ್ಲ. ಭಯ ಇದ್ದದ್ದು ಕಿಟಕಿಯಲ್ಲಿ. ಜನನ ಮರಣ ವಿಭಾಗದಲ್ಲಿ ಸಾಲಾಗಿ ಗಾಜಿನ ಕಿಟಕಿಗಳು. ಜನ ತಮಗೆ ಬೇಕಾದ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. ಮುಖ ನೋಡಿ ಮಣೆ ಹಾಕುವುದು ಹಳೆಯ ಕಾಲ, ಈಗ ಕೋಟು ನೋಡಿ. ಗಸಿ ಬಣ್ಣದ ಕೋಟಿನ ಹಿಂದೆ ಪುರಸಭೆಯೇ ಕೂತಿದೆ ಅಂತ ಜನರ ನಂಬಿಕೆ. ಬಿಳಿ ಶರಟಿನವಳು ಯಾರೋ ಕೆಲಸ ಕಲಿಯಲಿಕ್ಕೆ ಬಂದ ಹುಡುಗಿ, ಹೆಸರಿನ ಕಾಗುಣಿತ ತಪ್ಪಿಸಿಬಿಟ್ಟರೆ ಮಗು ಆಯುಷ್ಯವಿಡೀ ಅನುಭವಿಸಬೇಕು. ಹುಡುಗಿ ಅನ್ನಿಸಿಕೊಂಡ ನೆಲಿದಾಳಿಗೆ ಮೂವತ್ತೆಂಟು ದಾಟಿತ್ತು. ಒಬ್ಬ ಮುದುಕ ಖಾಲಿಯಿದ್ದ ಅವಳ ಕಿಟಕಿಯವರೆಗೂ ಬಂದು, ಗಾಜಿಗೆ ಮೂಗು ಒತ್ತಿ ನೋಡಿ, "ನಿಜವಾದ ಮೇಡಂ ಯಾವಾಗ ಬರ್ತಾರಮ್ಮಾ?" ಅಂತ ಕೇಳಿ ಪಕ್ಕದ ಕಿಟಕಿಯ ಸೊರಾಯ್ದಾಳ ಉದ್ದ ಸಾಲಿನ ಬಾಲಕ್ಕೆ ಹೋಗಿ ನಿಂತಿದ್ದ.

ಗುತ್ತಿಗೆ ಮುಂದುವರಿಸುವ ಮುನ್ನ ವಿಭಾಗದ ಮುಖ್ಯಸ್ಥ ಬರ್ರಾಂತೆಸ್ ಯಾವ ಕಿಟಕಿಯಲ್ಲಿ ಎಷ್ಟು ಜನರ ಕೆಲಸವಾಗಿದೆ ಅಂತ ನೋಡುತ್ತಾನೆ. ಈ ಸಲ ಅವಳನ್ನು ಕರೆದು, "ನೆಲಿದಾ, ಕೆಲಸ ಚೆನ್ನಾಗಿ ಮಾಡ್ತೀಯ, ಆದ್ರೆ ನಿನ್ನ ಸಂಖ್ಯೆ ನೋಡಿದ್ರೆ ನಾನು ಮೇಲಿನವರಿಗೆ ಏನಂತ ಹೇಳ್ಲಿ? ಸೆಪ್ಟೆಂಬರ್ ಒಳಗೆ ಏನಾದ್ರೂ ಮಾಡು," ಅಂದಿದ್ದ. ಆವತ್ತೇ ದರ್ಜಿ ಸೊರಾಯ್ದಾಳ ಸ್ಕರ್ಟಿನ ಅಂಚು ಕತ್ತರಿಸಿ ಬುಟ್ಟಿಗೆ ಹಾಕಿದ್ದು. ನೆಲಿದಾ ಆ ಚೂರನ್ನು ಎತ್ತಿಟ್ಟುಕೊಂಡಳು.

ಮರೂಹಾ ಶಾಲಾ ಮಕ್ಕಳ ಕೋಟು ಹೊಲಿಯುವ ಕಾರ್ಖಾನೆಯವಳು. ಅಲ್ಲಿ ಬಟ್ಟೆ ಕತ್ತರಿಸುವವನೊಬ್ಬನಿಗೆ ಕೋಳಿ ಸಾರು ಹಾಕಿಸಿ ಒಳ್ಳೆಯ ಮಾತಿನಲ್ಲಿ ಕೆಲಸ ಮಾಡಿಸಿಕೊಂಡಳು, ತೋಳನ್ನು ತಾನೇ ಕೂರಿಸಿದಳು. ಭಾನುವಾರ ಕೋಟು, ಸ್ಕರ್ಟು ತೊಡಿಸಿ ತಂಗಿಯನ್ನು ಸುತ್ತ ತಿರುಗಿಸಿ ನೋಡಿದವಳಿಗೆ ಕಣ್ಣು ತುಂಬಿ ಬಂತು.

"ಅಮ್ಮ ಇದ್ದಿದ್ರೆ ದೃಷ್ಟಿ ತೆಗೀತಿದ್ಲು."

"ಯಾರಾದ್ರೂ ಏನಾದ್ರೂ ಅಂದ್ರೆ, ಅಕ್ಕಾ?"

"ಏನಂತಾರೆ? ಬಟ್ಟೆ ಅಂಗಡೀಲಿ ಮಾರೋದು. ಬಣ್ಣಕ್ಕೆ ಅವರಪ್ಪನ ಹೆಸರಿಟ್ಟಿದಾರಾ?"

ಸೋಮವಾರ ಬೆಳಿಗ್ಗೆ ಕಿಟಕಿ ತೆರೆಯುತ್ತಿದ್ದಂತೆ ಜನ ನುಗ್ಗಿದರು. ಎಲ್ಲೂ ಅನುಮಾನಿಸದೆ, ಮೇಲೆ ಕೆಳಗೆ ನೋಡದೆ, ನೇರವಾಗಿ ನೆಲಿದಾಳ ಮುಂದೆ ಸಾಲು ಕಟ್ಟಿದರು. "ಮೇಡಂ, ಮದುವೆ ಪತ್ರದ ನಕಲು." "ಮೇಡಂ, ಒಂದಕ್ಷರ ತಿದ್ದಬೇಕಿತ್ತು." ಅವಳ ಕೈ ತಾನಾಗಿ ಓಡುತ್ತಿತ್ತು, ಸೀಲು ಬೀಳುವ ಸದ್ದಿಗೆ ಅವಳಿಗೇ ಉಲ್ಲಾಸ. ಬಾಯಾರಿದರೂ ನೀರು ಕುಡಿಯಲಿಕ್ಕೆ ಏಳಲಿಲ್ಲ. ಬರ್ರಾಂತೆಸ್ ಹಿಂದೆ ಹಾದುಹೋಗುತ್ತಾ, ಕೋಟನ್ನು ಗಮನಿಸಿದನೋ ಇಲ್ಲವೋ, ಸಾಲನ್ನಂತೂ ಗಮನಿಸಿ ತಲೆಯಾಡಿಸಿದ. ಅದೆಷ್ಟು ಸುಖವಾಗಿತ್ತೆಂದರೆ, ಪಕ್ಕದ ಕಿಟಕಿಗಳಲ್ಲಿ ಒಬ್ಬರೂ ತನ್ನೊಡನೆ ಮಾತಾಡಿಲ್ಲ ಅನ್ನುವುದು ಅವಳಿಗೆ ಬಹಳ ಹೊತ್ತು ಹೊಳೆಯಲೇ ಇಲ್ಲ.

ಒಬ್ಬ ಅಜ್ಜಿ ಮೊಮ್ಮಗಳ ಜನನ ಪತ್ರಕ್ಕಾಗಿ ಆಸ್ಪತ್ರೆಯ ಚೀಟಿಯನ್ನು ಚೀಲದಿಂದ ತೆಗೆಯುತ್ತಿದ್ದಾಗ ಸೊರಾಯ್ದಾ ಬಂದು ನೆಲಿದಾಳ ಹಿಂದೆ ನಿಂತಳು. ಬಗ್ಗಿ ಕೋಟಿನ ಕಾಲರನ್ನು ಬೆರಳಲ್ಲಿ ಹೊಸಕಿ ನೋಡಿದಳು.

"ಒಳಗೆ ಬಾ," ಅಂದಳು.

"ಒಂದೇ ನಿಮಿಷ ಅಮ್ಮಾ," ಎಂದು ಅಜ್ಜಿಗೆ ಹೇಳಿ ನೆಲಿದಾ ಎದ್ದಳು.

ಹಳೆಯ ಕಡತಗಳ ಕೋಣೆಯಲ್ಲಿ ಸೊರಾಯ್ದಾ ಬಾಗಿಲು ಮುಂದೆ ಮಾಡಿದಳು. ಗಟ್ಟಿ ಹೆಂಗಸು, ತುಟಿಗೆ ಬಣ್ಣ ಹಚ್ಚದೆ ಮನೆಯ ಕಸವನ್ನೂ ಹೊರಗಿಡುವವಳಲ್ಲ. ಎದುರು ಬದುರು ನಿಂತ ಇಬ್ಬರ ಮೈಮೇಲೂ ಒಂದೇ ಬಟ್ಟೆ.

"ಇದನ್ನ ಯಾರು ಕೊಟ್ರು ನಿಂಗೆ?"

"ಯಾರೂ ಇಲ್ಲ ಮೇಡಂ. ನಾನೇ ಹೊಲಿಸ್ಕೊಂಡೆ."

"ಹೊಲಿಸ್ಕೊಂಡೆ! ಹಾದೀಲಿ ಬಿದ್ದಿತ್ತು, ಎತ್ಕೊಂಡೆ ಅನ್ನೋ ಹಾಗೆ ಹೇಳ್ತೀಯಲ್ಲೇ. ಈ ಬಟ್ಟೆ ಯಾವ ಪುಣ್ಯಾತ್ಮನೂ ದಾನ ಕೊಟ್ಟಿದ್ದಲ್ಲ. ಮುಷ್ಕರದ ಹೊತ್ತಲ್ಲಿ ಈ ಕಟ್ಟಡದ ಮೆಟ್ಟಿಲ ಮೇಲೆ ಒಲೆ ಹೂಡಿ ಕೂತಿದ್ವಿ ನಾವು. ಪೊಲೀಸ್ರು ಬಂದು ಬೇಯ್ತಿದ್ದ ಹಂಡೆನೇ ಒದ್ರು. ನಮ್ಮ ಜೊತೆ ಕೂತಿದ್ದ ಮೆರ್ಸಿ ಆಗ ತುಂಬು ಬಸುರಿ. ಕೊನೆಗೆ ಒಪ್ಪಂದದಲ್ಲಿ ಸಿಕ್ಕಿದ್ದೇನು? ಸಂಬಳ ಏರಿಸಲಿಲ್ಲ, ಬಟ್ಟೆ ಕೊಟ್ರು."

"ನಂಗೆ ಗೊತ್ತಿರ್ಲಿಲ್ಲ ಮೇಡಂ."

"ಇನ್ನೂ ಕೇಳು. ಪ್ರತಿ ವರ್ಷ ಇದನ್ನ ಕಿತ್ಕೊಳ್ಳೋಕೆ ಅವರು ಕಾಯ್ತಾನೇ ಇರ್ತಾರೆ. ನಾಳೆ ಆ ಬರ್ರಾಂತೆಸ್ ಎದ್ದು, ನೋಡಿ, ಗುತ್ತಿಗೆ ಹೆಣ್ಮಗಳೇ ಸ್ವಂತ ದುಡ್ಡಲ್ಲಿ ಹೊಲಿಸ್ಕೊಂಡಿದಾಳೆ, ನಿಮಗ್ಯಾಕೆ ಕೊಡ್ಬೇಕು ಅಂದ್ರೆ? ಏನು ಹೇಳ್ಲಿ ನಾನು? ನಿನ್ನ ಅಂದಕ್ಕೆ ನಮ್ಮೆಲ್ಲರ ಬಟ್ಟೆ ಹೋಗ್ಬೇಕಾ?"

ನೆಲಿದಾಳಿಗೆ ತಾನು ಮಾಡಿದ್ದು ಏನು ಅಂತ ಆಗ ಅರ್ಥವಾಯಿತು. ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

"ಅಂದಕ್ಕಲ್ಲ ಮೇಡಂ," ಅಂದಳು. "ನನ್ನ ಕಿಟಕಿಗೆ ಜನ ಬರಲ್ಲ. ಬಿಳಿ ಶರಟು ನೋಡಿ ನಿಮ್ಮ ಸಾಲಿಗೆ ಹೋಗಿ ನಿಲ್ತಾರೆ. ಇಷ್ಟು ಕಡಿಮೆ ಸಂಖ್ಯೆಗೆ ಸೆಪ್ಟೆಂಬರ್ ಆದ್ಮೇಲೆ ಗುತ್ತಿಗೆ ಮುಂದುವರಿಸಲ್ಲ ಅಂತ ಹೇಳಿದಾರೆ. ಈ ಬೆಳಿಗ್ಗೆ ಬಂದಷ್ಟು ಜನ ನಂಗೆ ಹೋದ ತಿಂಗಳೆಲ್ಲಾ ಬಂದಿಲ್ಲ."

ಸೊರಾಯ್ದಾ ಬಾಗಿಲ ಸಂದಿನಿಂದ ಹೊರಗಿನ ಸಾಲಿನ ಕಡೆ ನೋಡಿದಳು.

"ನಿನ್ನ ಸಾಲು ಖಾಲಿ ಇರೋದು ನೋಡಿ," ಅಂದಳು ಆಮೇಲೆ, "ಈ ಹುಡುಗಿ ಕೈ ಎಷ್ಟು ಚುರುಕು ಅಂದ್ಕೊಂಡಿದ್ದೆ ನಾನು."

ನೆಲಿದಾ ನಗಲಿಲ್ಲ. ಸೊರಾಯ್ದಾ ಅದನ್ನು ನಗಿಸಲಿಕ್ಕೆಂದು ಹೇಳಿರಲೂ ಇಲ್ಲ.

"ಏನೇ ಇರ್ಲಿ, ಅದನ್ನ ತೆಗಿ. ಬೇರೆ ದಾರಿ ಇಲ್ಲ," ಎಂದು ಸೊರಾಯ್ದಾ ಹೊರಗೆ ಹೋದಳು.

ಹೆದರುಪುಕ್ಕಲಿಯ ಚೀಲದಲ್ಲಿ ಯಾವಾಗಲೂ ಇನ್ನೊಂದು ಜೊತೆ ಬಟ್ಟೆ ಇರುತ್ತದೆ. ನೆಲಿದಾ ಗಸಿ ಬಣ್ಣದ ಸ್ಕರ್ಟು ಕಳಚಿ ಕಪ್ಪು ಪ್ಯಾಂಟು ಏರಿಸಿಕೊಂಡಳು. ಗಸಿ ಬಣ್ಣದ ಕೋಟನ್ನು ಒಳಮೈ ಹೊರಗೆ ಮಾಡಿ, ಅಕ್ಕ ಕೂರಿಸಿದ ತೋಳು ಮುದುಡದಂತೆ ಮಡಿಸಿ ಚೀಲಕ್ಕೆ ಹಾಕಿದಳು. ಮುಖ ತೊಳೆದಳು. ಸೆಪ್ಟೆಂಬರಿನ ಆಚೆ ತನಗೆ ಈ ಆಫೀಸಿಲ್ಲ ಅಂತ ಅವಳಿಗೆ ಖಚಿತವಾಗಿಹೋಗಿತ್ತು. ಮನೆಯಲ್ಲಿ ಮರೂಹಾಳಿಗೆ ಹೇಗೆ ಹೇಳುವುದು ಅನ್ನುವುದೊಂದೇ ಯೋಚನೆ.

ಅವಳು ಹಿಂತಿರುಗುವ ಹೊತ್ತಿಗೆ ಸಾಲು ಕರಗಿತ್ತು. ಎಲ್ಲರೂ ಸೊರಾಯ್ದಾಳ ಕಿಟಕಿಗೆ ಸರಿದಿದ್ದರು, ಅಜ್ಜಿಯೊಬ್ಬಳು ಮಾತ್ರ ಆಸ್ಪತ್ರೆಯ ಚೀಟಿಯನ್ನು ಗಾಜಿನ ಕೆಳಗಿಟ್ಟು, ಅದರ ಮೇಲೆ ಅಂಗೈ ಒತ್ತಿಕೊಂಡು ನಿಂತಿದ್ದಳು. ನೆಲಿದಾ ಕೂತು ಕೈ ಚಾಚಿದಳು.

"ಇರ್ಲಿ ಬಿಡಮ್ಮಾ," ಅಂದಳು ಅಜ್ಜಿ, ಚೀಟಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ. "ಮೇಡಂ ಒಳಗೆ ಹೋಗಿದಾರೆ. ಒಂದೇ ನಿಮಿಷ ಅಂದಿದಾರೆ. ಅವರೇ ಬರ್ಲಿ, ನಾನು ಕಾಯ್ತೀನಿ."

ನಾನೇ ಅವಳು ಅಂದರೆ ಈ ಅಜ್ಜಿ ನಂಬುತ್ತಾಳೆಯೇ? ನಂಬಿದರೂ, ಹಾಗೆ ಹೇಳಿಕೊಳ್ಳಬೇಕಾಗಿ ಬಂತಲ್ಲ ಅನ್ನುವುದೇ ನೆಲಿದಾಳ ಸಂಕಟ.

"ಅವರು ಬರಲ್ಲ ಅಮ್ಮಾ," ಅಂದಳು. "ನಾನಿರೋದು."

ಪಕ್ಕದ ಕಿಟಕಿಯಲ್ಲಿ ಸೀಲಿನ ಸದ್ದು ನಿಂತಿತು. ಸೊರಾಯ್ದಾ ಒಮ್ಮೆ ಅಜ್ಜಿಯನ್ನು ನೋಡಿದಳು, ನೆಲಿದಾಳ ಕಡೆ ತಿರುಗಲಿಲ್ಲ. ಮೇಜಿನ ಕೆಳಗಿಂದ 'ಮುಚ್ಚಿದೆ' ಎಂಬ ಹಲಗೆ ತೆಗೆದು ಗಾಜಿಗೆ ಆನಿಸಿದಳು. ಊಟದ ಹೊತ್ತಿಗೆ ಇನ್ನೂ ಬಹಳ ಇತ್ತು.

"ಏನ್ ಮೇಡಂ ಇದು!" ಸಾಲಿನ ಮುಂದಿದ್ದವನು ಕೂಗಿದ. "ಬೆಳಿಗ್ಗೆಯಿಂದ ನಿಂತಿದೀನಿ!"

"ನನ್ನ ಸೀಲು ಕೆಟ್ಟಿದೆ. ಆ ಮೇಡಂ ಹತ್ರ ಹೋಗಿ."

"ಯಾವ ಮೇಡಂ? ಅವರು ಕೆಲಸ ಕಲಿಯೋಕೆ ಬಂದಿರೋರು ಅಲ್ವಾ?"

"ಸೆಪ್ಟೆಂಬರ್ ತನಕ ನನ್ನ ಸೀಲು ಸರಿ ಹೋಗಲ್ಲಪ್ಪಾ. ನಿಮ್ಮಿಷ್ಟ. ಬೇಕಾದ್ರೆ ಕಾಯಿರಿ."

ಹೊಚ್ಚಹೊಸ ಸೀಲು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿತ್ತು. ಸೊರಾಯ್ದಾ ಗಸಿ ಬಣ್ಣದ ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಗೆ ಒರಗಿದಳು. ಸಾಲು ಗೊಣಗಿತು, ಬೈಯಿತು, ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿತು; ಆಮೇಲೆ ಹಿಂದಿದ್ದ ಒಬ್ಬ ಹೆಂಗಸು ಮೊದಲು ಹೆಜ್ಜೆ ಎತ್ತಿಟ್ಟಳು, ಉಳಿದವರು ಜಾಗ ತಪ್ಪಿಹೋದೀತೆಂದು ಅವಳ ಹಿಂದೆ ಓಡಿದರು. ಬೆನ್ನಿಗೆ ಬಂದು ನಿಂತ ಅಷ್ಟು ಜನರನ್ನು ಅಜ್ಜಿ ತಿರುಗಿ ನೋಡಿದಳು. ಮತ್ತೆ ಗಾಜಿನೊಳಗಿನ ಬಿಳಿ ಶರಟನ್ನು ನೋಡಿದಳು. ಚೀಟಿಯ ಮೇಲಿನ ಕೈ ಒಂದೊಂದೇ ಬೆರಳಾಗಿ ಮೇಲೆದ್ದಿತು.

ನೆಲಿದಾ ಚೀಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಪೆನ್ನು ತೆಗೆದಳು.

"ಮಗುವಿನ ಹೆಸರು ಹೇಳಿ ಅಮ್ಮಾ. ನಿಧಾನವಾಗಿ ಹೇಳಿ, ಒಂದೊಂದೇ ಅಕ್ಷರ."