ಗಿರಿಜವ್ವನ ಎಡಗಾಲು

ಬಲಗಾಲಿನ ಕಾಲುಚೀಲ ಹಗುರವಾಗಿ ಬಂತು. ಎಡಗಾಲಿನದು ಬರಲೊಲ್ಲದು. ಒಳಗಿಂದ ಯಾರೋ ಗಟ್ಟಿ ಹಿಡಿದುಕೊಂಡ ಹಾಗೆ ಹಿಮ್ಮಡಕ್ಕೆ ಅಂಟಿ ಕೂತಿತ್ತು. ರಮೀಜ ಮಂಡಿಯೂರಿ ಎರಡೂ ಕೈ ಹಚ್ಚಿದ.

“ಜಗ್ಗಬ್ಯಾಡೋ,” ಅಂದ ಅಕ್ಬರಸಾಬ. “ಸುರುಳಿ ಸುತ್ತಿ ತಗಿ. ಸತ್ತಾವಗೂ ನೋವು ತಿಳೀತೈತಿ.”

ಹಿತ್ತಲಲ್ಲಿ ಸುತ್ತಲೂ ಚಾದರ ಕಟ್ಟಿ, ನಡುವೆ ಹಲಗೆ ಇಟ್ಟು ಖಲಂದರಸಾಬನನ್ನು ಮಲಗಿಸಿದ್ದರು. ನಸುಕಿನಲ್ಲಿ ಚಹಾ ಕುಡಿದು, ಬಸಿ ಕೆಳಗಿಟ್ಟು, ಗೋಡೆಗೆ ಒರಗಿದ ಮುದುಕ ಹಾಗೇ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ಮಯ್ಯತ್ತಿನ ಮೈ ತೊಳೆಯುವುದು ಬಲ್ಲವನು ಓಣಿಯ ಹಿರಿಯ ಅಕ್ಬರಸಾಬ. ನೀರು ಹಾಕಲು ಸತ್ತವನ ತಮ್ಮನ ಮಗ ಜಾಹೀದ. ಎತ್ತಿ ಹೊರಳಿಸಲು ಗಟ್ಟಿ ತೋಳಿನವನೊಬ್ಬ ಬೇಕೆಂದು ಬಾಜೂ ಮನೆಯ ರಮೀಜನನ್ನು ವೆಲ್ಡಿಂಗ್ ಅಂಗಡಿಯಿಂದ ಕರೆಸಿದ್ದರು.

ಕಾಲುಚೀಲ ಕಳಚಿತು.

ಕಿರುಬೆರಳು ಇರಲಿಲ್ಲ. ಇರಬೇಕಾದ ಜಾಗದಲ್ಲಿ ನುಣುಪಾದ ಒಂದು ಗಂಟು. ಅದರ ಪಕ್ಕದ ಬೆರಳು, ಖಾಲಿ ಜಾಗ ಸಿಕ್ಕಿತೆಂದು ಕಾಲು ಚಾಚಿದ ಹಾಗೆ, ಹೊರಗೆ ಬಾಗಿ ಅಗಲವಾಗಿ ಮಲಗಿತ್ತು.

ಸವಣೂರಿನಲ್ಲಿ ಈ ಕಾಲನ್ನು ಕಂಡವರೇ ಇರಲಿಲ್ಲ. ಬಿರುಬೇಸಿಗೆಯಲ್ಲೂ ಬೂಟು ಹಾಕಿಕೊಂಡು ವೀಳ್ಯದೆಲೆ ಮಾರುತ್ತಿದ್ದ ಮನುಷ್ಯ. ಮನೆಯಲ್ಲೇ ಕೈಕಾಲು ತೊಳೆದು ವಜೂ ಮಾಡಿ, ಕಾಲುಚೀಲ ಏರಿಸಿಯೇ ಮಸೀದಿಗೆ ಬರುತ್ತಿದ್ದ. ಊರು ಅವನನ್ನು ಬೂಟ್ ಖಲಂದರ ಅನ್ನುತ್ತಿತ್ತು. ಆದರೆ ರಮೀಜನಿಗೆ ಈ ಕಾಲು ಗೊತ್ತಿತ್ತು. ಉಗುರು ಉಗುರೂ ಗೊತ್ತಿತ್ತು. ಇದು ಗಿರಿಜವ್ವನ ಎಡಗಾಲು.

“ಚಾಚಾ, ಈ ಕಾಲು…”

“ಕಂಡದ್ದನ್ನ ಇಲ್ಲೇ ಬಿಡಬೇಕು.” ಅಕ್ಬರಸಾಬ ತಲೆ ಎತ್ತಲಿಲ್ಲ. “ತೊಳಿಯಾವ ಒಳ್ಳೇದು ಕಂಡ್ರ ಹೊರಗ ಹೇಳಬೇಕು, ಐಬು ಕಂಡ್ರ ಮುಚ್ಚಬೇಕು. ಅದು ದಸ್ತೂರು.”

“ಇದು ಐಬಲ್ರಿ.”

“ಬೆರಳಿಲ್ಲದ್ದು ಐಬಲ್ದ ಮತ್ತೇನು? ಜಿಂದಗಿಪೂರ್ತಿ ಮುಚ್ಚಿಕೊಂಡು ತಿರುಗ್ಯಾನ. ಈಗ ನೀ ಬಿಚ್ಚಾವೇನು? ಜಾಹೀದ, ನೀರು ಹಾಕು.”

ನೀರು ಬಿತ್ತು. ರಮೀಜನ ಕಿವಿ ಬಿಸಿಯಾದವು. ಮಧ್ಯಾಹ್ನದ ನಮಾಜಾದ ಕೂಡಲೇ ದಫನ್. ಆಮೇಲೆ ಈ ಕಾಲು ಮಣ್ಣಿನೊಳಗೆ, ಮತ್ತು ಖಲಂದರಸಾಬ ಊರ ಬಾಯಲ್ಲಿ ಕಡೆತನಕ ಸುಳ್ಳ.

*

ರಮೀಜ ಸಾಲಿ ಬಿಟ್ಟದ್ದು ಒಂಬತ್ತನೇ ಇಯತ್ತೆಯಲ್ಲಿ. ಮಾಸ್ತರ ಕೈಯಿಂದ ಬೆತ್ತ ಕಸಿದು ಕಿಟಕಿಯಾಚೆ ಎಸೆದ ದಿನವೇ ಸಾಲಿಯೂ ಮುಗಿದಿತ್ತು. ಆಮೇಲೆ ಅವನಿಗೆ ಅಂಕಪಟ್ಟಿ ಕೇಳದೆ ಕುರ್ಚಿ ಕೊಟ್ಟ ಜಾಗ ಒಂದೇ: ‘ನಮ್ಮ ಪರದೆ’. ಹಳೆಯ ಸಿನಿಮಾಗಳ ಹುಚ್ಚು ಹಿಡಿದವರು ಕೂಡಿ ಇಂಟರ್ನೆಟ್ಟಿನಲ್ಲಿ ಕಟ್ಟಿದ ವಿಕಿ ಅದು. ಒಂದೊಂದು ಸಿನಿಮಾಕ್ಕೆ ಒಂದೊಂದು ಪುಟ. ಗೊತ್ತಿದ್ದವರು ಬರೆಯಬೇಕು, ತಪ್ಪಿದ್ದರೆ ಇನ್ನೊಬ್ಬರು ತಿದ್ದಬೇಕು. ಹಾನಗಲ್ಲು, ಶಿಗ್ಗಾಂವಿಯಿಂದ ಹಿಡಿದು ಎಲ್ಲೆಲ್ಲಿಂದಲೋ ಪ್ರಶ್ನೆಗಳು ಬರುತ್ತಿದ್ದವು. “ಅತ್ತಿ ಬಾವ್ಯಾಗ ಬೀಳ್ತಾಳ, ಸೊಸಿ ಮೊದಲು ನಗ್ತಾಳ, ಆಮ್ಯಾಲೆ ತಾನs ಹಾರಿ ಎತ್ತತಾಳ. ಯಾವ ಸಿನಿಮಾ?” ಹಿರೇಕೆರೂರಿನ ಕೊಟ್ರೇಶ ಗೋವಿನಜೋಳದ ಚೀಲ ತೂಗುತ್ತಲೇ ಉತ್ತರ ಕಳಿಸಿಬಿಡುತ್ತಿದ್ದ. ಪುಟಗಳನ್ನು ವಿಂಗಡಿಸಿ ಜೋಡಿಸುವವನು ಸುಶೀಂದ್ರ. ಸವಣೂರಿನವನೇ, ಹಾನಗಲ್ಲಿನಲ್ಲಿ ವಕೀಲಿ. ಅವನದು ಒಂದೇ ಮಂತ್ರ: ಆಧಾರ ಎಲ್ಲಿ?

‘ಬಗೆಹರಿಯದ ಪ್ರಶ್ನೆಗಳು’ ಎಂಬ ಪುಟದಲ್ಲಿ ಎಲ್ಲಕ್ಕೂ ಮೇಲೆ ಕೂತದ್ದು ಒಂದು ಕಾಲು. ಸಿನಿಮಾ ‘ಗಿರಿಜವ್ವನ ಗಾಡಿ’. ಕಳ್ಳರು ಬೆನ್ನು ಹತ್ತಿದ್ದಾರೆ, ಗಾಡಿ ಹಾರುತ್ತಿದೆ, ಹಗ್ಗ ಕೈತಪ್ಪಿ ಎತ್ತುಗಳ ಕೊರಳಿಗೆ ಜಾರಿದೆ. ಗಿರಿಜವ್ವ ಸೀರೆಯ ಕಚ್ಚೆ ಬಿಗಿದು, ಓಡುವ ಎರಡು ಎತ್ತುಗಳ ನಡುವಿನ ಉದ್ದನೆ ಮರದ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಹಗ್ಗ ಎತ್ತಿಕೊಳ್ಳುತ್ತಾಳೆ. ಪರದೆ ತುಂಬ ಆ ಎಡಗಾಲು: ಗೆಜ್ಜೆ, ಹಸಿರು ಸೀರೆಯ ಅಂಚು, ಇಲ್ಲದ ಕಿರುಬೆರಳು. ಪೋಸ್ಟರಿನ ಮೇಲೆ ‘ನಾಯಕಿಯೇ ಖುದ್ದಾಗಿ ಮಾಡಿದ ಸಾಹಸ’ ಎಂದಿತ್ತು. ಆದರೆ ಅದೇ ಸಿನಿಮಾದ ಹಾಡಿನಲ್ಲಿ ನಾಯಕಿಯ ಬೆರಳೆಲ್ಲ ಸರಿಯಾಗಿವೆ. ಹಾಗಾದರೆ ಈ ಕಾಲು ಯಾರದು? ಕುಣಿಯುವ ಹುಡುಗಿಯರು, ಸರ್ಕಸ್ಸಿನ ಹೆಣ್ಣುಮಕ್ಕಳು, ನಾಯಕಿಯ ತಂಗಿ, ಎಲ್ಲರನ್ನೂ ಜಾಲಾಡಿದ್ದರು. ಗೆಜ್ಜೆ ಕಂಡ ಕಣ್ಣಿಗೆ ಹೆಣ್ಣಿನ ಹೊರತು ಇನ್ನೇನೂ ಹೊಳೆದಿರಲಿಲ್ಲ.

ಇತ್ತ ಉಳವಪ್ಪನ ಚಹಾದಂಗಡಿಯಲ್ಲಿ ಖಲಂದರಸಾಬ ಎಲೆಬುಟ್ಟಿ ಇಳಿಸಿ, ಎರಡು ಗುಟುಕು ಒಳಗೆ ಹೋದ ಮೇಲೆ ಒಮ್ಮೊಮ್ಮೆ ಅನ್ನುತ್ತಿದ್ದ: “ನಾನೂ ಸಿನಿಮಾದಾಗ ಮಾಡೇನಿ.”

“ಯಾವುದರಾಗೋ ಮಾರಾಯ?”

“ಹೇಳಾಂಗಿಲ್ಲ.”

“ಹೀರೋನೋ, ವಿಲನ್ನೋ?”

ಅವನು ನಕ್ಕು ಬುಟ್ಟಿ ಎತ್ತಿಕೊಳ್ಳುತ್ತಿದ್ದ. ಬೆನ್ನ ಹಿಂದೆ ಯಾರಾದರೂ ಸೀಟಿ ಹೊಡೆಯುತ್ತಿದ್ದರು.

ರಮೀಜ ಒಬ್ಬನೇ ನಂಬಿದ. ನಂಬಿ ಖಲಂದರಸಾಬನ ಹೆಸರಿನಲ್ಲಿ ಒಂದು ಪುಟ ಮಾಡಿದ. ಸುಶೀಂದ್ರ ಅಳಿಸಿದ. “ಯಾವ ಸಿನಿಮಾ ಗೊತ್ತಿಲ್ಲ, ಯಾವ ಪಾತ್ರ ಗೊತ್ತಿಲ್ಲ, ಮುಖ ಎಲ್ಲೂ ಕಾಣಂಗಿಲ್ಲ. ಏನಂತ ಇಟ್ಕೊಳ್ಳೋದು?” ರಮೀಜ ಮತ್ತೆ ಹಾಕಿದ, ಅವನು ಮತ್ತೆ ಅಳಿಸಿದ. “ನೀ ವಕೀಲಿಕಿ ಕೋರ್ಟಿನಾಗ ಮಾಡು, ನನ್ನ ಮುಂದ ಬ್ಯಾಡ,” ಎಂದು ರಮೀಜ ಮಾತು ಬಿಟ್ಟಿದ್ದ.

ಮುದುಕನನ್ನು ಕೇಳಿದ್ದಕ್ಕೆ ಅವನು ಎಲೆಗೆ ನೀರು ಚಿಮುಕಿಸುತ್ತ ಹೇಳಿದ್ದ: “ಮಾತು ಕೊಟ್ಟೇನಿ ಬೇಟಾ. ಮಂದಿ ಸುಳ್ಳ ಅಂತಾರ, ಅನ್ನಲಿ. ಅದೂ ಒಂದು ಪಾರ್ಟು ಅಂತ ಮಾಡ್ಕೋತ ಹೊಂಟೇನಿ.”

*

ಕಫನ್ ಬಟ್ಟೆ ಹೊದಿಸಿ ತಲೆ, ನಡು, ಕಾಲ ಕಡೆ ಕಟ್ಟಿ ಅಂಗಳಕ್ಕೆ ತಂದರು. ರಮೀಜ ಕೈ ಒರೆಸಿಕೊಳ್ಳುತ್ತ ಹೊರಬಂದಾಗ ಬೇಲಿಯ ಹತ್ತಿರ ಸುಶೀಂದ್ರ ನಿಂತಿದ್ದ, ಕರಿ ಕೋಟು ಮಡಚಿ ತೋಳಿಗೆ ಹಾಕಿಕೊಂಡು. ಜೊತೆಗೆ ಹಿರೇಕೆರೂರಿನಿಂದ ಬಸ್ಸು ಹಿಡಿದು ಬಂದ ಕೊಟ್ರೇಶ. ಹೋದ ವರ್ಷ ಬಂದಾಗ ಖಲಂದರಸಾಬ ಅವನಿಗೆ ಎಲೆ ಮಡಚಿ ಕೊಟ್ಟಿದ್ದ.

“ಹೀರೋ ಹೋದ ನೋಡ್ರಿ,” ಅನ್ನುತ್ತಿದ್ದ ಚಹಾದಂಗಡಿಯ ಉಳವಪ್ಪ. ದನಿಯಲ್ಲಿ ದುಃಖವಿತ್ತು, ಅದಕ್ಕೇ ರಮೀಜನಿಗೆ ಇನ್ನೂ ಉರಿಯಿತು. “ಸುಳ್ಳ ಹೇಳಿದ್ರೂ ಪಾಪ, ಯಾರಿಗೂ ಕೇಡು ಬಗೀಲಿಲ್ಲ.”

ರಮೀಜ ಅವನ ಕಡೆ ಒಂದು ಹೆಜ್ಜೆ ಇಟ್ಟ. ಅಕ್ಬರಸಾಬ ರಟ್ಟೆ ಹಿಡಿದ.

“ನೆನಪೈತಲ್ಲ?”

“ಐತ್ರಿ. ಐಬು ಆದ್ರ ಮುಚ್ಚಬೇಕು. ಅದು ಐಬು ಹೌದೋ ಅಲ್ಲೋ ಹೇಳಾವ ನಾನಲ್ಲ. ನೀವೂ ಅಲ್ರಿ, ಚಾಚಾ. ಹೇಳಾಕಿ ಒಳಗ ಕುಂತಾಳ.”

ಅಕ್ಬರಸಾಬ ಅವನ ಮುಖ ನೋಡಿದ. ಹಿಡಿತ ಸಡಿಲಾಯಿತು.

ನಡುಮನೆಯಲ್ಲಿ ಹೆಂಗಸರ ನಡುವೆ ಖಲಂದರಸಾಬನ ಹೆಂಡತಿ ಹುಸೇನಬಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ರಮೀಜ ಹೊಸ್ತಿಲಾಚೆಯೇ ಕುಕ್ಕರುಗಾಲಲ್ಲಿ ಕೂತ.

“ದಾದಿ, ದಾದಾನ ಎಡಗಾಲು ನೋಡಿದೆ.”

ಅವಳು ತಲೆ ಎತ್ತಿ ಅವನನ್ನು ನೋಡಿದಳು.

“ಅದು ಗಿರಿಜವ್ವನ ಕಾಲು ಹೌದಲ್ಲ? ನೀ ಅಲ್ಲ ಅಂದ್ರ ಮುಗೀತು. ನಾ ಮತ್ತ ಬಾಯಿ ಬಿಡಂಗಿಲ್ಲ.”

ಹುಸೇನಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, ಸಾವಿನ ಮನೆಯೆಂಬುದು ಮರೆತವಳ ಹಾಗೆ, ತುಟಿಯ ಒಂದು ತುದಿಯಲ್ಲಿ ನಕ್ಕಳು.

“ಕಾಲು ಅವಂದು. ಸೀರಿ ಉಡಿಸಿದಾಕಿ ನಾನು.”

*

ಹತ್ತಿಮತ್ತೂರಿನ ಎರೆ ಹೊಲದಲ್ಲಿ ಶೂಟಿಂಗ್ ನಡೆದಾಗ ಅವರ ಮದುವೆಯಾಗಿ ಇನ್ನೂ ಮೆಹಂದಿ ಆರಿರಲಿಲ್ಲ. ಖಲಂದರ ಆಗ ಅಲ್ಲೇ ಬೇರೆಯವರ ಗಾಡಿ ಹೊಡೆಯುವ ಆಳು; ಸವಣೂರಿಗೆ ಬಂದದ್ದು ಆಮೇಲೆ. ಸಣ್ಣವನಿದ್ದಾಗ ಎತ್ತು ತುಳಿದು ಒಂದು ಬೆರಳು ಹೋಗಿದ್ದರೂ ಓಡುವ ಗಾಡಿಯ ಮೇಲೆ ಬೆಕ್ಕಿನ ಹಾಗೆ ನಡೆಯುತ್ತಿದ್ದ. ಸಿನಿಮಾ ಕಂಪನಿಯವರು ತಂದ ಸಾಹಸದವನು ಎತ್ತುಗಳನ್ನು ಕಂಡು ಕೈ ಎತ್ತಿದ. ಖಲಂದರನಿಗೆ ಸೀರೆ ಸುತ್ತಿದರು. ಗಾಡಿ ಹೊರಟಿತು, ಸೀರೆ ಬಿಚ್ಚಿತು. ಮತ್ತೆ ಸುತ್ತಿದರು, ಮತ್ತೆ ಬಿಚ್ಚಿತು. ಹೊಲದ ತುಂಬ ನಗೆ.

ಬುತ್ತಿ ತಂದಿದ್ದ ಹುಸೇನಬಿ ಬುತ್ತಿಗಂಟನ್ನು ನೆಲಕ್ಕಿಟ್ಟಳು.

“ಹಿಂಗ ಉಟ್ರ ನಿಂತೀತೇನ್ರಿ?” ಎಂದು ಪರಪುರುಷರೆದುರೇ ಗಂಡನನ್ನು ಗಾಡಿಯ ಮರೆಗೆ ಎಳೆದೊಯ್ದು, ಕಳೆ ತೆಗೆಯುವ ಹೆಂಗಸರ ಹಾಗೆ ಕಚ್ಚೆ ಹಾಕಿ, ಗಂಟಿನ ಮೇಲೆ ಗಂಟು ಬಿಗಿದಳು. “ಇನ್ನ ನೀ ಬಿದ್ರೂ ಸೀರಿ ಬೀಳಂಗಿಲ್ಲ, ಹೋಗು.”

ಅವನು ಬೀಳಲಿಲ್ಲ. ಸೀರೆಯೂ ಬೀಳಲಿಲ್ಲ. ಸಂಜೆಗೆ ಕಂಪನಿಯ ಯಜಮಾನ ಅವನ ಕೈ ಹಿಡಿದು, ನಾಯಕಿಯೇ ಮಾಡಿದಳೆಂದು ಪೋಸ್ಟರು ಹಾಕುತ್ತೇವೆ, ಅವಳ ಮರ್ಯಾದೆ ನಿನ್ನ ಬಾಯಲ್ಲಿದೆ ಅಂದ. ಖಲಂದರ ಮಾತು ಕೊಟ್ಟ. ಸವಣೂರಿಗೆ ಬಂದ ಹೊಸತರಲ್ಲಿ, ಊರಿಗೆ ಟೆಂಟು ಬಂದು ಆ ಕಾಲು ಪರದೆ ತುಂಬ ಕಂಡ ದಿನ ಓಡಿಬಂದವನೇ ಪೆಟ್ಟಿಗೆಯಿಂದ ಹಳೆ ಬೂಟು ತೆಗೆದ. ಹೆಂಡತಿಯನ್ನು ಆ ಸಿನಿಮಾಕ್ಕೆ ಕರೆದೊಯ್ಯಲಿಲ್ಲ. “ನೀ ನಗ್ತಿ,” ಅಂದ. “ನೀ ನಕ್ರ ಊರಿಗೇ ಗೊತ್ತಾಕ್ಕೈತಿ.”

*

“ಮಾತು ಕೊಟ್ಟಾವ ಅವ,” ಅಂದಳು ಹುಸೇನಬಿ, ಗೋಡೆ ಹಿಡಿದು ಏಳುತ್ತ. “ನಾ ಯಾರಿಗೂ ಕೊಟ್ಟಿಲ್ಲ.”

ಅಂಗಳದಲ್ಲಿ ಕಡೆಯ ಸಲ ಮುಖ ತೋರಿಸುವ ಹೊತ್ತು. ಅಕ್ಬರಸಾಬ ತಲೆಯ ಕಡೆಯ ಗಂಟು ಬಿಚ್ಚಿದ. ಬಂದವರು ಸಾಲಾಗಿ ನೋಡಿ ಸರಿದರು. ಹುಸೇನಬಿ ಬಾಗಿಲಲ್ಲಿ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು:

“ಅಕ್ಬರ, ಮುಖ ಎಲ್ಲಾರೂ ನೋಡ್ಯಾರ. ದಿನಾ ನೋಡ್ಯಾರ. ಕಾಲಿನ ಕಡೆ ಗಂಟು ಬಿಚ್ಚು.”

“ಭಾಬಿ, ಹಂಗ ಯಾರೂ ಮಾಡಂಗಿಲ್ಲ.”

“ಗಂಡಸಿನ ಕಾಲು ನೋಡಬಾರದಂತ ಎಲ್ಲೆರೆ ಐತೇನು?”

ಅಕ್ಬರಸಾಬ ಗಡ್ಡ ನೀವಿಕೊಂಡ. ಇಲ್ಲ, ಎಲ್ಲೂ ಇರಲಿಲ್ಲ. ಅವನು ಕಾಲಿನ ಕಡೆ ಹೋಗಿ ಕೂತು ಗಂಟಿಗೆ ಕೈ ಹಾಕಿದ. ನಂತರ ರಮೀಜನ ಕಡೆ ತಿರುಗಿ, “ಒಳ್ಳೇದು ಕಂಡಿದ್ರ ಹೇಳು ಮತ್ತ,” ಅಂದ.

ಬೆಳಗಿನಿಂದ ಒಳಗೇ ಕುದಿಯುತ್ತಿದ್ದ ರಮೀಜನಿಗೆ ಈಗ ಕೂಗಬೇಕಿತ್ತು. ಕೂಗಲಿಲ್ಲ. ಅವನು ಸುಶೀಂದ್ರನ ಮುಂದೆ ಹೋಗಿ, “ಆಧಾರ ಕೇಳ್ತಿದ್ದಿ,” ಅಂದ, ಮೆಲ್ಲಗೆ. “ಬಾ.”

ಸುಶೀಂದ್ರ ಬಾಗಿ ನೋಡಿದ. ಕಿಸೆಯಿಂದ ಮೊಬೈಲು ತೆಗೆದು ಪ್ರಶ್ನೆಗಳ ಪುಟದ ಆ ಚಿತ್ರವನ್ನು ಕಾಲಿನ ಪಕ್ಕ ಹಿಡಿದ. ಗಂಟು, ಹೊರಗೆ ಬಾಗಿದ ಬೆರಳು, ಹೆಬ್ಬೆರಳಿನ ಸೀಳು ಉಗುರು. ಅವನು ಅದನ್ನೂ ಇದನ್ನೂ ನೋಡಿ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸುವುದು ಮುಗಿಯಲೇ ಇಲ್ಲ.

“ಯಪ್ಪಾ, ಇಡೀ ಸರ್ಕಸ್ಸಿನ ಹೆಣ್ಮಕ್ಕಳನ್ನ ಹುಡುಕಿದ್ವಲ್ಲೋ,” ಅಂದ ಕೊಟ್ರೇಶ. “ಇಲ್ಲೇ ಕುಂತು ನನಗ ಎಲಿ ಮಡಚಿ ಕೊಟ್ಟಾನ ಗಿರಿಜವ್ವ.”

ಉಳವಪ್ಪ ಜನರನ್ನು ಸರಿಸಿ ಮುಂದೆ ಬಂದ. ನೋಡಿದ. ಅವನ ಕೆಳತುಟಿ ಜೋತುಬಿತ್ತು.

“ಈ ಕಾಲಿಗೆ ನಾ ಟೆಂಟಿನಾಗ ಚಿಲ್ಲರೆ ತೂರೇನಿ,” ಅಂದ. “ಬೆಂಚಿನ ಮ್ಯಾಲೆ ನಿಂತು ಸೀಟಿ ಹೊಡ್ದೇನಿ. ಆಕಿನ್ನs ಲಗ್ನ ಆಗಬೇಕಂತ ಮನ್ಯಾಗ ಜಗಳಾ ತಗದಿದ್ದೆ.”

ಯಾರೋ ಕಿಸಕ್ಕೆಂದರು. ಬಾಗಿಲಲ್ಲಿ ಹುಸೇನಬಿ, “ನಿನಗ ಅವ ಒಲ್ಲೆ ಅಂತಿದ್ದ ಬಿಡು, ಉಳವಪ್ಪ,” ಅಂದಳು. ಆಗ ಅಂಗಳವೇ ನಕ್ಕಿತು. ನಗುತ್ತಲೇ ಕೆಲವರು ಕಣ್ಣೊರೆಸಿಕೊಂಡರು. ನೋಡಿ ಸರಿದವರು ಮತ್ತೆ ಸಾಲು ಹಚ್ಚಿದರು, ಈ ಸಲ ಕಾಲಿನ ಕಡೆಯಿಂದ.

ಸುಶೀಂದ್ರ ಬಾಗಿಲ ಬಳಿ ಹೋದ. “ಅವ್ವಾರ, ಬರೀಲೇನ್ರಿ?”

“ಏನಂತ ಬರೀತಿ?”

“ಎತ್ತುಗಳ ನಡುವೆ ನಡೆದವರು ಖಲಂದರಸಾಬ, ಸವಣೂರು.”

“ಅಷ್ಟs?” ಅಂದಳು ಹುಸೇನಬಿ.

ಸುಶೀಂದ್ರನಿಗೆ ತಿಳಿಯಲಿಲ್ಲ. ರಮೀಜ ಅವನ ಕೈಯಿಂದ ಮೊಬೈಲು ಇಸಿದುಕೊಂಡು, ಕೆಳಗೆ ಇನ್ನೊಂದು ಸಾಲು ತಾನೇ ಒತ್ತಿದ: ಸೀರೆ ಉಡಿಸಿದವರು ಹುಸೇನಬಿ. ಸುಶೀಂದ್ರ ಓದಿದ. ಅಳಿಸಲಿಲ್ಲ. ಕೋಟನ್ನು ಬೇಲಿಗೆ ಹಾಕಿ, “ನಾನೂ ಹೆಗಲು ಕೊಡಬಹುದೇನ್ರಿ?” ಎಂದು ಅಕ್ಬರಸಾಬನನ್ನು ಕೇಳಿದ.

ಡೋಲಿ ಬಜಾರಕ್ಕೆ ಬರುವಷ್ಟರಲ್ಲಿ ಸುದ್ದಿ ಅದಕ್ಕಿಂತ ಮುಂದೆ ಹೋಗಿತ್ತು. ಎಲೆ ಅಂಗಡಿಯವರು ಬುಟ್ಟಿ ಬಿಟ್ಟು ಎದ್ದು ನಿಂತರು. ಹತ್ತು ಹೆಜ್ಜೆಗೊಬ್ಬ ಬಂದು ಹೆಗಲು ಕೊಡಲು ಕೇಳುತ್ತಿದ್ದ. ರಮೀಜನ ಪಾಳಿ ಮತ್ತೆ ಬರಲೇ ಇಲ್ಲ. ಹಿಂದೆ ನಡೆಯುತ್ತಿದ್ದ ಕೊಟ್ರೇಶನ ಕಿಸೆಯಲ್ಲಿ ಮೊಬೈಲು ಗುಂಯ್‌ಗುಡುತ್ತಲೇ ಇತ್ತು. ಶಿಗ್ಗಾಂವಿಯಿಂದ, ಹಾನಗಲ್ಲಿನಿಂದ, ಹೆಸರೇ ಕೇಳದ ಊರುಗಳಿಂದ.

ಮಣ್ಣು ಕೊಟ್ಟು ಮರಳಿದಾಗ ಖಲಂದರಸಾಬನ ಮನೆಯ ಮುಂದೆ ಚಪ್ಪಲಿ ಕಾಲಿಡಲಾಗದಷ್ಟು ತುಂಬಿದ್ದವು. ರಮೀಜ ಬಾಗಿಲಲ್ಲೇ ನಿಂತ. ಒಳಗೆ ಓಣಿಯ ಹೆಂಗಸರೆಲ್ಲ ಹುಸೇನಬಿಯ ಸುತ್ತ ಒತ್ತಾಗಿ ಕೂತಿದ್ದರು. ಅವನ ತಂಗಿ ತಹಮೀನಾ ಮೊಬೈಲನ್ನು ಮುದುಕಿಯ ಮಡಿಲಲ್ಲಿ ಹಿಡಿದಿದ್ದಳು. ದನಿ ಇರಲಿಲ್ಲ, ಸಾವಿನ ಮನೆಯೆಂದು ಅದನ್ನು ಪೂರಾ ಇಳಿಸಿದ್ದರು. ಗಾಡಿ ಹಾರುತ್ತಿತ್ತು. ಹಗ್ಗ ಜಾರಿತು. ಕಚ್ಚೆ ಬಿಗಿದವಳು ಎತ್ತುಗಳ ನಡುವೆ ಇಳಿದಳು.

“ನೋಡು, ಗಂಟು,” ಅಂದಳು ಹುಸೇನಬಿ. “ಅಲುಗ್ಯಾಡಿಲ್ಲ.”

ಪರದೆ ತುಂಬ ಕಾಲು ಬಂತು. ಅವಳು ತೋರುಬೆರಳು ಚಾಚಿ ಅದನ್ನು ಮುಟ್ಟಿದಳು. ಸಿನಿಮಾ ಗಕ್ಕನೆ ನಿಂತಿತು.

“ದಾದಿ, ಮುಟ್ಟಿದ್ರ ನಿಂತುಬಿಡತೈತ್ರಿ. ಬೆರಳು ತಗೀರಿ, ಮುಂದ ಬಿಡ್ತೇನಿ.”

“ನಿಲ್ಲಲಿ ತಡಿ,” ಅಂದಳು ಹುಸೇನಬಿ.

ಪರದೆಯ ಅಂಚಿನಲ್ಲಿ ಎತ್ತುಗಳ ಗೊರಸು ನೆಲ ಬಿಟ್ಟು ಗಾಳಿಯಲ್ಲಿದ್ದವು. ಹತ್ತಿಮತ್ತೂರಿನ ಕರಿ ಧೂಳು ಎದ್ದಲ್ಲೇ ಎದ್ದು ನಿಂತಿತ್ತು. ನಡುವೆ, ಗೇಣಗಲದ ಮರದ ಮೇಲೆ, ಎಡಗಾಲು ಗಟ್ಟಿಯಾಗಿ ಊರಿಕೊಂಡಿತ್ತು. ಬೆರಳಿಲ್ಲದ ಜಾಗದಲ್ಲಿ ಅವಳ ಬೆರಳು.