ಬಿಟ್ಟುಹೋದ ಒಂದು ಎಚ್

ಮೂವತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೇನೆ. ತಪ್ಪಕ್ಷರ ಕಂಡರೆ ನನಗೆ ಮೈ ಉರಿಯುತ್ತದೆ. ಆಹ್ವಾನ ಪತ್ರ, ಔಷಧದ ಚೀಟಿ, ಅಂಗಡಿ ಬೋರ್ಡು, ಯಾವುದನ್ನೂ ಬಿಟ್ಟವನಲ್ಲ. "ನಿನ್ನ ಕೈಗೆ ಕೆಂಪು ಪೆನ್ನು ಕೊಟ್ಟವರನ್ನ ಮೊದಲು ಒದೀಬೇಕು" ಎಂದು ಅಕ್ಕ ರೇಗಿಸುತ್ತಿದ್ದಳು. ಅವಳು ಶಾಲೆಯಲ್ಲಿ ಡ್ರಿಲ್ ಟೀಚರು. ಸೀಟಿ ಊದಿದರೆ ಮೂರು ಬೀದಿಯಾಚೆ ನಮ್ಮ ಪ್ರೆಸ್ಸಿಗೆ ಕೇಳುತ್ತಿತ್ತು.

ಅವಳ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತು. ಸೂಜಿ ಚುಚ್ಚಿ ನೋಡುವ ಜಾಗ ಅದಲ್ಲವಂತೆ. ಡಾಕ್ಟರು ನೇರವಾಗಿ ಹೇಳಿದರು: "ಎರಡು ವರ್ಷದ ಹಿಂದಿನ ಎಕ್ಸ್‌ರೇ ಇದೆ ಅಂದ್ರಲ್ಲ, ತನ್ನಿ. ಅದರಲ್ಲೂ ಚುಕ್ಕೆ ಇಷ್ಟೇ ಇದ್ರೆ ಮುಟ್ಟೋದು ಬೇಡ. ಬೆಳೆದಿದ್ರೆ ಕತ್ತರಿಸಬೇಕು."

ಆ ಎಕ್ಸ್‌ರೇ ತೆಗೆದ ಕೇಂದ್ರ ಮುಚ್ಚಿಹೋಗಿತ್ತು. ಅವರು ಕೊಟ್ಟಿದ್ದ ಪೆನ್‌ಡ್ರೈವ್ ಅಕ್ಕನ ಬೀರುವಿನಲ್ಲಿತ್ತು. ಅದರಲ್ಲಿ ಒಂದೇ ಫೈಲು, ಬೇರೆಲ್ಲೂ ಅದರ ಪ್ರತಿಯಿಲ್ಲ. ಆಸ್ಪತ್ರೆಯ ಕೌಂಟರಿನಾಕೆ ತೆರೆದಾಗ ಪರದೆಯ ಮೇಲೆ ಅಕ್ಕನ ಪಕ್ಕೆಲುಬುಗಳು ಮೂಡಿದವು. "ಹೆಸರಲ್ಲಿ ಒಂದು ಎಚ್ ಇಲ್ಲ ಸಾರ್, ನಮ್ಮ ದಾಖಲೆಗೆ ಹೊಂದಲ್ಲ. ಸರಿ ಮಾಡಿಸ್ಕೊಂಡು ಬನ್ನಿ" ಎಂದು ವಾಪಸ್ ಕೊಟ್ಟಳು. ನಾನೂ ಹೆಸರನ್ನೇ ನೋಡಿದ್ದೆ, ಚುಕ್ಕೆಯನ್ನಲ್ಲ.

ಮಾಡಿಸುವುದೇನು, ನಾನಿಲ್ಲವೇ? ಪ್ರೆಸ್ಸಿನ ಕಂಪ್ಯೂಟರಿನಲ್ಲಿ, ನಾವು ಬರಹ ತಿದ್ದುವ ಎಡಿಟರಿನಲ್ಲೇ ಪೆನ್‌ಡ್ರೈವಿನ ಆ ಫೈಲು ತೆರೆದೆ. ಪರದೆ ತುಂಬ ಕಸ: ಪ್ರಶ್ನೆಚಿಹ್ನೆ, ಖಾಲಿ ಚೌಕ, ಯಾವ ಭಾಷೆಯದ್ದೋ ಮುರುಕು ಅಕ್ಷರ. ಆ ಕಸದ ನಡುವೆ ಅಕ್ಕನ ಹೆಸರು ಮಾತ್ರ ಸ್ಪಷ್ಟವಾಗಿತ್ತು. ಎಚ್ ಸೇರಿಸಿದೆ. ಉಳಿದದ್ದನ್ನು ಮುಟ್ಟಲಿಲ್ಲ. ಸೇವ್ ಒತ್ತಿ, ನಿಜ ಹೇಳುತ್ತೇನೆ, ಬೀಗಿದೆ.

ಮರುದಿನ ಆಸ್ಪತ್ರೆಯಲ್ಲಿ ಚಿತ್ರ ತೆರೆಯಲೇ ಇಲ್ಲ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು ಮಾಡಿದ್ದನ್ನು ಕೇಳಿ ಹಣೆ ಒತ್ತಿಕೊಂಡ.

"ಆ ಎಡಿಟರಿಗೆ ಗೊತ್ತಿರೋದು ಅಕ್ಷರ ಮಾತ್ರ ಸಾರ್. ಚಿತ್ರಾನೂ ಅಕ್ಷರ ಅಂತ್ಲೇ ಓದುತ್ತೆ. ಓದಕ್ಕಾಗದ್ದಕ್ಕೆಲ್ಲ ಒಂದೇ ಗುರುತು ಹಾಕುತ್ತೆ. ಸೇವ್ ಮಾಡಿದಾಗ ಆ ಗುರುತನ್ನೇ ಬರೆದುಬಿಟ್ಟಿದೆ. ಅಲ್ಲಿ ಮೊದಲು ಏನಿತ್ತು ಅಂತ ಈಗ ಯಾರಿಗೂ ಗೊತ್ತಿಲ್ಲ."

"ನಾನು ಸೇರಿಸಿದ್ದು ಒಂದೇ ಅಕ್ಷರ ಕಣಪ್ಪ."

"ಏನೂ ಸೇರಿಸದೆ ಸೇವ್ ಒತ್ತಿದ್ರೂ ಅಷ್ಟೇ ಸಾರ್."

ನಾಚಿಕೆಯಿಂದ ಕುಗ್ಗಿಹೋದೆ. ಅಕ್ಕನಿಗೆ ಹೇಳಿದಾಗ ಅವಳು ಬೈಯಲೂ ಇಲ್ಲ. ಕಾದು ನೋಡುವ ಅಪಾಯ ಬೇಡ ಎಂದರು ಡಾಕ್ಟರು. ಬಲ ಶ್ವಾಸಕೋಶದ ಅರ್ಧ ತೆಗೆದರು.

ಮೂರು ವಾರಕ್ಕೆ ಆ ತುಂಡಿನ ವರದಿ ಬಂತು. ಎಂದೋ ಆಗಿ ಮಾಗಿದ ಗಾಯದ ಕಲೆ, ಅಪಾಯವಿಲ್ಲ ಎಂದಿತ್ತು. ಅಕ್ಕ ದಿಂಬಿಗೊರಗಿ ಓದಿದಳು. ಸೀಟಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ಸಾಲಿಗೆ ಎರಡು ಸಲ ನಿಂತು ಉಸಿರೆಳೆದುಕೊಂಡಳು.

"ಇಲ್ಲೂ ನನ್ನ ಹೆಸರಲ್ಲಿ... ಎಚ್ ಇಲ್ಲ ಕಣೋ."

ನನ್ನ ಕೈ ಆಗಲೇ ಜೇಬಿನ ಪೆನ್ನಿಗೆ ಹೋಗಿತ್ತು. ಅವಳು ಅದನ್ನು ನೋಡಿದಳು. ವರದಿಯನ್ನು ಎದೆಗೆ ಅವುಚಿಕೊಂಡಳು.

"ಮುಟ್ಟಬೇಡ" ಎಂದಳು.