ಹಗ್ಗ ಹಿಡಿದವನ ಹೆಸರು

ಕ್ರಿಸ್‌ಮಸ್ ಕಳೆದ ಮೇಲೆ ಗ್ಲ್ಯಾಡಿಸ್ ನಾನು ಪಾಠ ಮಾಡುವ ಶಾಲೆಗೇ ಬಂದು ಕರೆದಳು.

"ಬರುವ ಆದಿತ್ಯವಾರ ಕಾರ್ಕಳಕ್ಕೆ ಬಾ. ರಾಮಸಮುದ್ರದಲ್ಲಿ ದೋಣಿ ಇಳಿಸ್ತೇವೆ, ಮೊದಲಿನ ಹಾಗೆ."

ಮೊದಲಿನ ಹಾಗೆ ಎಂದವಳು ಕೂಡಲೇ ತುಟಿ ಕಚ್ಚಿಕೊಂಡಳು. ನಾನು ಬರುತ್ತೇನೆ ಎಂದೆ.

ಹೋದ ಮಳೆಗಾಲದ ಹಿಂದಿನ ಮಳೆಗಾಲದಲ್ಲಿ ನನ್ನ ಗಂಡ ಟೈಫಾಯ್ಡ್ ಬಂದು ತೀರಿಕೊಂಡರು. ಹೆಸರು ಮೌರಿಸ್. ಅವರು, ನಾನು, ಗ್ಲ್ಯಾಡಿಸ್, ಈಗ ಅವಳ ಗಂಡನಾಗಿರುವ ಬೆಂಜಮಿನ್, ಧರ್ಮಪಾಲ, ಐವರೂ ಉಡುಪಿಯ ಕಾಲೇಜಿನಲ್ಲಿ ಒಂದೇ ತರಗತಿ. ಧರ್ಮಪಾಲ ಕಾರ್ಕಳದ ಜೈನರ ಹುಡುಗ. ಉಳಿದವರ ಮನೆಮಾತು ಕೊಂಕಣಿ. ನಮ್ಮೊಳಗೆ ಕಾಲೇಜಿನ ಕನ್ನಡವೇ ನಡೆಯುತ್ತಿತ್ತು. ಆ ಕನ್ನಡದಲ್ಲಿ ಮೌರಿಸ್ ಮೊದಲ ವಾರವೇ ಮೋರಿ ಆದರು. ಹೆಸರಿಟ್ಟವನು ಧರ್ಮಪಾಲ. "ಊರಿನ ಬಚ್ಚಲು ನೀರೆಲ್ಲ ಇವನ ಬಾಯಿಯಿಂದಲೇ ಹರಿಯುವುದು" ಎಂದಿದ್ದ. ಅಷ್ಟು ಮಾತಾಡುತ್ತಿದ್ದರು.

ನಾನೂ ಮೋರಿ ಎಂದೇ ಕರೆದೆ. ಮದ್ರಾಸಿಗೆ ಹೋಗಿ ಎಂ.ಎ. ಮುಗಿಸಿ ಬರುವ ತನಕವೂ ಹಾಗೆಯೇ. ಮದುವೆಯಾಗಿ ಕಾಪುವಿನ ಮನೆಗೆ ಕಾಲಿಟ್ಟ ದಿನ ಅತ್ತೆಯ ಕಿವಿಗೆ ಅದು ಬಿತ್ತು. "ನನ್ನ ಮಗನನ್ನು ಚರಂಡಿ ಎಂದು ಕರೆಯುವ ಸೊಸೆ ನನಗೆ ಬೇಡ" ಎಂದರು. ಅಂದಿನಿಂದ ಎಲ್ಲರ ಎದುರು ಅವರು 'ಅವರು' ಆದರು. ಕೋಣೆಯ ಬಾಗಿಲು ಹಾಕಿದ ಮೇಲೆ ಮಾತ್ರ ಮೋರಿ.

ತೀರಿಕೊಂಡ ಮೇಲೆ ಊರೆಲ್ಲ ಅತ್ತೆಯ ಮಾತನ್ನೇ ಪಾಲಿಸಿತು. ಇಗರ್ಜಿಯ ಪೂಜೆಯಲ್ಲಿ ದಿವಂಗತ ಮೌರಿಸ್. ನೆರೆಯವರಿಗೆ 'ನಿಮ್ಮ ಯಜಮಾನರು'. ಮಣ್ಣಿಗೆ ಬಂದ ಬೆಂಜಮಿನ್ ಕೂಡ ನನ್ನ ಮುಂದೆ ನಿಂತು "ಮೌರಿಸರು ಬಹಳ ಒಳ್ಳೆಯವರಾಗಿದ್ದರು" ಎಂದ. ಯಾರೋ ವಯಸ್ಸಾದವರ ಸುದ್ದಿ ಕೇಳಿದಂತಾಯಿತು. ಆ ವಯಸ್ಸಾದವರಿಗಾಗಿ ನನಗೆ ಅಳು ಬರಲಿಲ್ಲ. ಆಮೇಲೂ ಬಂದಿಲ್ಲ.

ಒಮ್ಮೆ ಯಾರಾದರೂ ಮೋರಿ ಎನ್ನಬೇಕಿತ್ತು. ನಾನೇ ಹೇಳಿ ನೋಡಿದ್ದೆ, ಬಾಗಿಲು ಹಾಕಿಕೊಂಡು. ನನ್ನ ಬಾಯಲ್ಲಿ ಅದು ಕರೆದಂತೆ ಕೇಳಿಸಿತು. ಉತ್ತರಕ್ಕೆ ಕಾಯುವಂತಾಯಿತು. ಮತ್ತೆ ಹೇಳಲಿಲ್ಲ. ಆ ಹೆಸರಿನಿಂದ ಕರೆಯುತ್ತಿದ್ದವರು ಇನ್ನು ಈ ಮೂವರೇ. ಅದನ್ನು ಅವರ ಬಾಯಿಂದ ಕೇಳಬೇಕೆಂದೇ ಆದಿತ್ಯವಾರ ಕಾರ್ಕಳದ ಬಸ್ಸು ಹತ್ತಿದೆ.

ದೋಣಿ ಹಳೆಯದು, ಬೆಂಜಮಿನ್ ಕಾಪುವಿನ ಮೊಗವೀರ ಮೀನುಗಾರರೊಬ್ಬರಿಂದ ಕೊಂಡು, ಲಾರಿಯಲ್ಲಿ ತಂದು ರಾಮಸಮುದ್ರದ ಕೆರೆಗೆ ಬಿಟ್ಟದ್ದು. ನಡುವೆ ಕಂಬ ನಿಲ್ಲಿಸಿ ಹಾಯಿ ಕಟ್ಟಿದವನೂ ಅವನೇ. ಹಿಂದೆ ಚುಕ್ಕಾಣಿ ಹಿಡಿದು ಅವನು ಕೂರುತ್ತಿದ್ದ. ಹಾಯಿಯ ತುದಿಯ ಹಗ್ಗ ನನ್ನ ಗಂಡನ ಕೈಯಲ್ಲಿ. ದೋಣಿ ತಿರುಗುವಾಗ ಹಗ್ಗ ಸಡಿಲ ಬಿಡಬೇಕು. ಹಾಯಿ ತಲೆಯ ಮೇಲಿಂದ ಆಚೆ ಬದಿಗೆ ಹೋದ ಮೇಲೆ ಮತ್ತೆ ಎಳೆದು ಹಿಡಿಯಬೇಕು. ಕೆಲಸ ಅಷ್ಟೆ.

ಆ ದಿನ ಅವರ ಜಾಗದಲ್ಲಿ ಯಾರೂ ಕೂರಲಿಲ್ಲ. ಕಪ್ಪು ಸೀರೆಯ ಸೆರಗು ಸಿಕ್ಕಿಸಿಕೊಂಡು ನಾನು ಹೋಗಿ ಕೂತು ಹಗ್ಗ ತೆಗೆದುಕೊಂಡೆ.

"ಇತ್ತ ಕೊಡಿ ಮೇಬಲ್, ನಿಮ್ಮ ಕೈ ಉಜ್ಜಿ ಹೋದೀತು" ಎಂದ ಧರ್ಮಪಾಲ.

"ನಿಮ್ಮ ಕೈಯಾ? ನಾನು ಯಾವಾಗ 'ನೀವು' ಆದೆ?"

ಅವನು ನೀರಿನ ಕಡೆ ನೋಡಿದ.

ಸಂಜೆಯ ಗಾಳಿ ಹಾಯಿಗೆ ತುಂಬಿ ದೋಣಿ ಹೊರಟಿತು. ಗುಡ್ಡದ ಮೇಲೆ ಗೊಮ್ಮಟನಿಗೆ ಇನ್ನೂ ಬಿಸಿಲಿತ್ತು. ಗ್ಲ್ಯಾಡಿಸ್ ಡಬ್ಬಿ ತೆರೆದು ಹಬ್ಬಕ್ಕೆ ಕರಿದ ನೆವ್ರಿಗಳನ್ನು ಹಂಚಿದಳು.

"ಧರ್ಮಪಾಲ, ನೀನು ಬೇಗ ತಿನ್ನು ಮಾರಾಯ. ಹೊತ್ತು ಮುಳುಗಿದರೆ ಮತ್ತೆ ಬಾಯಿ ತೆರೆಯುವುದಿಲ್ಲ ನೀನು."

ಧರ್ಮಪಾಲ ಒಂದನ್ನು ಮುರಿದು ಒಳಗೆ ಇಣುಕಿದ. "ಇದರಲ್ಲಿ ಮೊಟ್ಟೆ ಉಂಟಾ?"

"ಕಾಯಿತುರಿ, ಎಳ್ಳು, ಸಕ್ಕರೆ. ಪ್ರತಿ ವರ್ಷ ಕೇಳ್ತೀಯಲ್ಲ, ಒಂದು ಸಲವಾದರೂ ಮೊಟ್ಟೆ ಹಾಕಿ ಕೊಟ್ಟದ್ದುಂಟಾ ನಾನು?"

"ನೀನು ಕೊಟ್ಟಿಲ್ಲ. ನನಗೆ ಮೊಟ್ಟೆ ತಿನ್ನಿಸಿದವ..."

ಗ್ಲ್ಯಾಡಿಸ್ ಅವನನ್ನು ನೋಡಿದಳು. ಧರ್ಮಪಾಲ ನೆವ್ರಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

ಆಗ ನನಗೆ ತಿಳಿಯಿತು, ಅವರು ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಎಂದು. ನನ್ನ ಗಂಡನ ಮಾತೆತ್ತಬಾರದು, ನನ್ನ ಮನಸ್ಸು ನೋಯಬಾರದು ಎಂದು. ಮಣಿಪಾಲದ ಬೋಳುಗುಡ್ಡದ ಮೇಲೆ ಏಳುತ್ತಿರುವ ಕಟ್ಟಡಗಳ ಮಾತು ಬಂತು. ಚೀನಾ ಯುದ್ಧದ ಮಾತು ಬಂತು. ಬೆಂಜಮಿನ್ ಅಪ್ಪನ ಮಂಡಿನೋವು ಕೂಡ ಬಂತು. ನಾನು ಹೂಂ ಎನ್ನುತ್ತಿದ್ದೆ. ಕೆರೆಯ ಆಚೆ ದಡ ಹತ್ತಿರವಾಗುತ್ತಿತ್ತು. ಒಮ್ಮೆ ತಿರುಗಿದರೆ ಮನೆಗೆ ಹೋಗುವ ದಾರಿ. ಮತ್ತೆ ಬಸ್ಸು. ಮತ್ತೆ ದಿವಂಗತ ಮೌರಿಸ್.

ಆಚೆ ದಡದ ಗುಡ್ಡದ ಸಂದಿಯಿಂದ ಗಾಳಿ ಒಮ್ಮೆಲೇ ನುಗ್ಗಿತು. ದೋಣಿ ವಾಲಿತು. ಬೆಂಜಮಿನ್ ಚುಕ್ಕಾಣಿ ತಿರುಗಿಸುತ್ತ ಗಂಟಲು ಬಿಟ್ಟು ಕೂಗಿದ.

"ಮೋರೀ, ಹಗ್ಗ ಬಿಡಾ!"

ನಾನು ಬಿಟ್ಟೆ. ಹಾಯಿ ತಲೆಯ ಮೇಲಿಂದ ದಾಟಿತು. ಎಳೆದು ಹಿಡಿದೆ. ದೋಣಿ ನೆಟ್ಟಗಾಗಿ ಬಂದ ಕಡೆಗೇ ಹೊರಟಿತು.

"ಬಾಯಿ ತಪ್ಪಿತು ಮೇಬಲ್" ಎಂದ ಬೆಂಜಮಿನ್. "ಇಲ್ಲಿ ಕೂತರೆ ಅದೇ ಬರುತ್ತದೆ. ಬೇಕೆಂದು ಹೇಳಿದ್ದಲ್ಲ."

"ಮನೆಯಿಂದ ಹೊರಡುವಾಗಲೇ ಬಡಕೊಂಡೆನಲ್ಲ" ಎಂದಳು ಗ್ಲ್ಯಾಡಿಸ್. ಅವಳ ಕಣ್ಣು ತುಂಬಿತ್ತು.

ಆ ಕೂಗು ಇನ್ನೂ ಕಿವಿಯಲ್ಲಿತ್ತು. ಎಷ್ಟು ಒರಟಾಗಿ ಕೂಗಿದ್ದ! ಬದುಕಿರುವವರನ್ನು ಮಾತ್ರ ಹಾಗೆ ಕೂಗುತ್ತಾರೆ.

"ಇನ್ನೊಂದು ಸುತ್ತು ಹೋಗುವ" ಎಂದೆ.

ಬೆಂಜಮಿನ್‌ಗೆ ನಿರಾಳವಾಯಿತು. "ಹೋಗುವ, ಹೋಗುವ" ಎಂದ. ಈಚೆ ದಡದ ಬಳಿ ತಿರುಗುವ ಜಾಗ ಬಂತು. ಚುಕ್ಕಾಣಿ ತಿರುಗಿಸಿದ. ನಾನು ಕಾದೆ.

"ಮೇಬಲ್, ಈಗ ಹಗ್ಗ ಬಿಡು" ಎಂದ. ಮೆಲ್ಲಗೆ, ಕಾಯಿಲೆಯವರ ಕೋಣೆಯಲ್ಲಿ ಮಾತಾಡುವ ಹಾಗೆ.

ನಾನು ಬಿಡಲಿಲ್ಲ.

ದೋಣಿ ವಾಲಿ ಒಂದು ಬದಿಯಿಂದ ನೀರು ಒಳಗೆ ಬಂತು. ಗ್ಲ್ಯಾಡಿಸ್ ಕಿರುಚಿದಳು. ಬೆಂಜಮಿನ್ ಚುಕ್ಕಾಣಿಯನ್ನು ಹಿಂದಕ್ಕೆ ಒತ್ತಿದ. ಮೂತಿ ಗಾಳಿಗೆ ಎದುರಾಗಿ ದೋಣಿ ನಿಂತಿತು. ಹಾಯಿ ಪಟಪಟ ಹೊಡೆದುಕೊಳ್ಳತೊಡಗಿತು.

"ಎಂತ ಆಯ್ತು? ಕೇಳಲಿಲ್ಲವಾ?"

"ಕೇಳಿತು."

"ಮತ್ತೆ?"

"ಮೊದಲಿನ ಹಾಗೆ ಕರಿ."

ಬೆಂಜಮಿನ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ, ನೀರು ಸಿಡಿದಿದೆ ಎಂಬಂತೆ. ಧರ್ಮಪಾಲ ತಲೆ ತಗ್ಗಿಸಿದ್ದ. ಗ್ಲ್ಯಾಡಿಸ್ ನನ್ನನ್ನು ನೋಡಿದಳು. ಆಮೇಲೆ ಒದ್ದೆಯಾದ ಸೀರೆಯನ್ನು ಹಿಂಡುತ್ತ, ಕಾಲೇಜಿನ ದಿನಗಳಲ್ಲಿ ಗದರುತ್ತಿದ್ದ ಸ್ವರದಲ್ಲೇ ಗದರಿದಳು.

"ಮೋರಿ, ಹಗ್ಗ ಬಿಡು ಮಾರಾಯ! ನಿನ್ನ ದೆಸೆಯಿಂದ ನಾವೆಲ್ಲ ಮುಳುಗಬೇಕಾ?"

ನಾನು ಬಿಟ್ಟೆ.

ದೋಣಿ ನಿಧಾನ ತಿರುಗಿ ಮತ್ತೆ ಕೆರೆಯ ನಡುವಿಗೆ ಹೊರಟಿತು. ಮೊದಲು ಮಾತಾಡಿದವನು ಧರ್ಮಪಾಲ.

"ಮೊಟ್ಟೆ ತಿನ್ನಿಸಿದವ ಅವನೇ. ಕೇಕು ಕೊಟ್ಟು, ಬರೀ ಮೈದಾ ಅಂತ ಆಣೆ ಇಟ್ಟ. ಎರಡು ತುಂಡು ತಿಂದ ಮೇಲೆ ಕೇಳ್ತಾನೆ, ಕೋಳಿಯ ರುಚಿ ಬಂತಾ ಅಂತ."

"ಅದು ಬಿಡು" ಎಂದ ಬೆಂಜಮಿನ್. "ಅವನು ನೀರಿಗೆ ಬಿದ್ದದ್ದು ನೆನಪುಂಟಾ? ಇಲ್ಲೇ ಎಲ್ಲೋ. ನೀನು ಇರಲಿಲ್ಲ ಮೇಬಲ್, ಮದ್ರಾಸಿನಲ್ಲಿದ್ದೆ. ನಾನು ಹೇಳುವ ತನಕ ಹಗ್ಗ ಬಿಡಬೇಡ ಅಂತ ಅವನಿಗೆ ಬೈದಿದ್ದೆ. ಗಾಳಿಗೆ ಮಗುಚಿಕೊಂಡು ಬಿದ್ದ. ಹಗ್ಗ ಬಿಡಲೇ ಇಲ್ಲ! ಗಾಳಕ್ಕೆ ಸಿಕ್ಕಿದ ಮೀನಿನ ಹಾಗೆ ದೋಣಿಯ ಹಿಂದೆ ಬಂದ. ತಲೆ ಮೇಲೆ ಬಂದಾಗೆಲ್ಲ ಒಂದೇ ಮಾತು, ಈಗ ಬಿಡಲಾ, ಈಗ ಬಿಡಲಾ..."

"ಅವ ಹಾಕಿದ್ದು ನನ್ನ ಅಂಗಿ" ಎಂದ ಧರ್ಮಪಾಲ. "ನಾಮಕರಣಕ್ಕೆ ಹೋಗಲಿಕ್ಕೆ ಇಸ್ತ್ರಿ ಮಾಡಿ ಇಟ್ಟದ್ದು."

"ಬಿಟ್ಟು ಈಜಬಾರದಿತ್ತಾ?" ಎಂದು ಕೇಳಿದೆ.

"ಈಜುವುದಾ? ಮೋರಿಗಾ?" ಬೆಂಜಮಿನ್ ನಕ್ಕೇಬಿಟ್ಟ. "ಕಲ್ಲು ಬೇಕಾದರೆ ತೇಲೀತು."

ನನಗೆ ಗೊತ್ತಿರಲಿಲ್ಲ. ಕಾಪುವಿನ ಕಡಲ ಬಂಡೆಯ ಸುತ್ತ ಈಜಿ ಬಂದ ಕತೆಯನ್ನು ಅವನು ನನಗೆ ಎಷ್ಟು ಸಲ ಹೇಳಿದ್ದ! ಕೋಣೆಯ ಕತ್ತಲಲ್ಲಿ, ಅಲೆ ಎಷ್ಟು ಎತ್ತರ ಎಂದು ಕೈಯಲ್ಲಿ ತೋರಿಸಿ. ಕೈ ಕಾಣದಿದ್ದರೆ ನನ್ನ ಕೈ ಹಿಡಿದು ಎತ್ತಿ ತೋರಿಸುತ್ತಿದ್ದ.

"ಸುಳ್ಳ" ಎಂದೆ.

"ಯಾರು, ನಾನಾ?" ಎಂದ ಬೆಂಜಮಿನ್.

"ನೀನಲ್ಲ."

ಕಣ್ಣಲ್ಲಿ ನೀರು ಬಂತು. ಹಗ್ಗ ಎರಡೂ ಕೈಯಲ್ಲಿತ್ತು, ಒರೆಸಿಕೊಳ್ಳಲಿಲ್ಲ. ಗ್ಲ್ಯಾಡಿಸ್ ಕೂಡ ಸುಮ್ಮನಿರಿಸಲು ಬರಲಿಲ್ಲ. ಅವಳೂ ಒಂದು ಕತೆ ಶುರು ಮಾಡಿದಳು. ಅವನು ಲ್ಯಾಟಿನ್ ಮಂತ್ರ ತಪ್ಪು ಹೇಳಿ ಪಾದ್ರಿಗಳಿಂದ ಕಿವಿ ಹಿಂಡಿಸಿಕೊಂಡದ್ದು. ಅದು ಅವನಲ್ಲ ಅವನ ಅಣ್ಣ ಎಂದ ಬೆಂಜಮಿನ್. ಇಬ್ಬರೂ ಜಗಳಕ್ಕೆ ನಿಂತರು. ಧರ್ಮಪಾಲ ಇಬ್ಬರದೂ ಸುಳ್ಳು ಎಂದ.

ದೋಣಿ ಕೆರೆಯ ನಡುವನ್ನು ದಾಟಿತ್ತು. ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು, ದಡದ ಮರಗಳು ಒಂದೊಂದಾಗಿ ಕಾಣತೊಡಗಿದವು. ನಾನು ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟೆ. ಹಾಯಿ ಜೋಲಿತು, ದೋಣಿ ನಿಧಾನವಾಯಿತು. ಬೆಂಜಮಿನ್ ಅದನ್ನು ನೋಡಿದ. ಎಳೆದು ಹಿಡಿ ಎಂದು ಹೇಳಲಿಲ್ಲ.

"ಆಮೇಲೆ?" ಎಂದೆ. "ಆಮೇಲೆ ಅವನು ಎಂತ ಹೇಳಿದ?"